ಮಜ್ಜಿಗೆ ಹುಲ್ಲು: ಕತ್ತಿ ಹಿಡಿಯಲು ಹೆದರಬೇಡಿ

ಕೈತೋಟ – ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದೇ ಗಿಡದ ಬಗ್ಗೆ ಇಷ್ಟೊಂದು ಪತ್ರಗಳು ಬಂದ ಮೇಲೆ ಈ ಸಲದ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಮಜ್ಜಿಗೆ ಹುಲ್ಲು ಎನ್ನಿ, ನಿಂಬೆ ಹುಲ್ಲು ಎನ್ನಿ, ಬೆಳಗಾವಿ ಕಡೆಯವರ ಬಾಯಲ್ಲಿರುವ ಗವತಿ ಚಹಾ ಎನ್ನಿ, ಎಲ್ಲವೂ ಒಂದೇ. ಬರಗಾಲಕ್ಕೆ ಜಗ್ಗದ, ದನ ಬಾಯಿ ಹಾಕದ, ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ನಿಲ್ಲುವ ಗಿಡ ಇದು. ಹಾಗಿದ್ದೂ ಇಷ್ಟು ದೂರು ಯಾಕೆ ಎಂದು ಪತ್ರಗಳನ್ನು ಹರಡಿಕೊಂಡು ನೋಡಿದರೆ ಹೆಚ್ಚಿನವುಗಳ ಬೇರು ಎರಡೇ ಕಡೆ ಇದೆ: ನೀರು ಜಾಸ್ತಿ, ಕೊಯ್ಲು ಕಡಿಮೆ.

ಪ್ರಶ್ನೆ: ತರಕಾರಿ ಅಂಗಡಿಯಿಂದ ತಂದ ಲೆಮನ್ ಗ್ರಾಸ್ ಕಡ್ಡಿಗಳನ್ನು ಲೋಟದ ನೀರಿನಲ್ಲಿಟ್ಟು 20 ದಿನವಾಯಿತು. ಮೇಲೆ ಚಿಗುರು ಬಂತು, ಬೇರು ಬರಲಿಲ್ಲ. ಈಗ ನೀರು ನಾರುತ್ತಿದೆ. ತಾರಸಿಯಲ್ಲಿ ಕುಂಡದಲ್ಲಿ ಬೆಳೆಯಬಹುದೇ? – ಓದುಗರು, ಬೆಂಗಳೂರು

ಉತ್ತರ: ಕಡ್ಡಿಯನ್ನು ತಲೆಕೆಳಗು ಮಾಡಿ ಬುಡ ನೋಡಿ. ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ, ಗಟ್ಟಿಯಾದ, ಕಂದುಬಣ್ಣದ ಬಿಲ್ಲೆ ಇರಬೇಕು. ಬೇರು ಹುಟ್ಟುವುದು ಅಲ್ಲಿಂದ ಮಾತ್ರ. ಅಂಗಡಿಗೆ ಕಳಿಸುವವರು ಚೆಂದ ಕಾಣಲೆಂದು ಅದನ್ನು ಕತ್ತರಿಸಿಬಿಟ್ಟಿರುತ್ತಾರೆ. ಅಂಥ ಕಡ್ಡಿಯನ್ನು ಅಡ್ಡ ಕೊಯ್ದರೆ ಈರುಳ್ಳಿಯ ಹಾಗೆ ಸುತ್ತು ಸುತ್ತಾದ ಪದರ ಕಾಣುತ್ತದೆ. ಒಳಗಿದ್ದ ಸುಳಿ ಸ್ವಲ್ಪ ಉದ್ದವಾದದ್ದನ್ನೇ ನೀವು ಚಿಗುರು ಎಂದುಕೊಂಡಿದ್ದೀರಿ. ಅದು ಚಹಾಕ್ಕೆ ಸರಿ, ನೆಡಲು ಅಲ್ಲ.

ಬಿಲ್ಲೆ ಉಳಿದಿರುವ ಕಡ್ಡಿಯನ್ನೇ ಆರಿಸಿ. ಒಣಗಿದ ಹೊರಪದರ ಸುಲಿದು, ಮೇಲ್ಭಾಗವನ್ನು 15 ಸೆಂ.ಮೀ.ಗೆ ಕತ್ತರಿಸಿ, 3 ಸೆಂ.ಮೀ. ಮಾತ್ರ ಮುಳುಗುವಷ್ಟು ನೀರಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬೆಚ್ಚಗಿನ ದಿನಗಳಲ್ಲಿ 7ರಿಂದ 15 ದಿನದೊಳಗೆ ಬೇರು ಬರುತ್ತದೆ, 4-5 ಸೆಂ.ಮೀ. ಆದಾಗ ಮಣ್ಣಿಗೆ ಹಾಕಿ. ಸತ್ಯ ಹೇಳಬೇಕೆಂದರೆ ಲೋಟದ ಸಹವಾಸವೇ ಬೇಡ. ನೀರಿನಲ್ಲಿ ಹುಟ್ಟಿದ ಬೇರು ಮೆದು, ನೆಡುವಾಗ ಮುರಿಯುತ್ತದೆ. ತೇವದ ಮಣ್ಣಿನಲ್ಲಿ ನೇರವಾಗಿ ಊರಿ ಒಂದು ವಾರ ನೆರಳಿನಲ್ಲಿಟ್ಟರೆ ಕೆಲಸ ಮುಗಿಯಿತು.

ಕುಂಡ ಕನಿಷ್ಠ 12 ಅಂಗುಲ ಅಗಲ, ಅಷ್ಟೇ ಆಳ ಇರಲಿ. 14 ಅಂಗುಲವಾದರೆ ಎರಡು ವರ್ಷ ನಿಶ್ಚಿಂತೆ. ಕೆಂಪುಮಣ್ಣು 2 ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 1, ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 1, ದಪ್ಪ ಮರಳು ಅರ್ಧ ಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟ್ ಹೆಚ್ಚಾದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಉಳಿದು ಬುಡ ಕೊಳೆಯುತ್ತದೆ. ಒಂದು ಕುಂಡಕ್ಕೆ ಎರಡು ಕಡ್ಡಿ ಸಾಕು. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ತಾರಸಿಯ ಯಾವ ಮೂಲೆಯಲ್ಲಿ ಟೊಮೆಟೊ ಬಾಡುತ್ತದೋ ಆ ಮೂಲೆಯನ್ನೇ ಇದಕ್ಕೆ ಕೊಡಿ. ನೀರು ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ಹಾಕಿ. ಕೊಳವೆಬಾವಿಯ ಗಡಸು ನೀರು ಕುಡಿಯುವ ಕುಂಡಗಳಲ್ಲಿ ಗರಿಯ ತುದಿ ಕಂದಾಗುವುದು ಸಾಮಾನ್ಯ. ಮಣ್ಣಿನಲ್ಲಿ ಉಪ್ಪು ಕೂತಿರುತ್ತದೆ. ತಿಂಗಳಿಗೊಮ್ಮೆ ಧಾರಾಳವಾಗಿ ನೀರು ಹರಿಸಿ ತೊಳೆಯಿರಿ, ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾಲ್ಕು ವರ್ಷದ ಹಳೆಯ ಬುಡ. ಸುತ್ತ ಹಸಿರಿದೆ, ನಡುವೆ ಪೂರ್ತಿ ಒಣಗಿ ಬುಟ್ಟಿಯ ಹಾಗೆ ಟೊಳ್ಳಾಗಿದೆ. ಯಾವ ರೋಗ ಇದು? – ಓದುಗರು, ಹುಬ್ಬಳ್ಳಿ

ಉತ್ತರ: ರೋಗವಲ್ಲ, ವಯಸ್ಸು. ಈ ಹುಲ್ಲು ಹೊಸ ತೆಂಡೆಯನ್ನು, ಅಂದರೆ ಬುಡದಿಂದ ಏಳುವ ಮರಿಕಡ್ಡಿಯನ್ನು, ಹೊರಕ್ಕೆ ಒಡೆಯುತ್ತಾ ಹೋಗುತ್ತದೆ. ನಡುವಿನ ಹಳೆಯ ತೆಂಡೆಗೆ ಬೆಳಕೂ ಸಿಗದೆ ಆಹಾರವೂ ಸಿಗದೆ ಸಾಯುತ್ತದೆ. ಪ್ರತಿ ವರ್ಷ ಬುಡ ಒಂದಿಷ್ಟು ಮೇಲಕ್ಕೂ ಏಳುತ್ತದೆ. ಹೊಸ ಬೇರು ಮಣ್ಣು ಮುಟ್ಟುವ ಮೊದಲೇ ಗಾಳಿಗೆ ಒಣಗುತ್ತದೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಕಿತ್ತು, ಬಿಡಿಸಿ, ಮತ್ತೆ ನೆಡುವುದೇ ಮದ್ದು. ಮುಂಗಾರಿನ ಎರಡು ಮೂರು ಹದಮಳೆ ಬಿದ್ದ ಮೇಲೆ ಮಾಡಿ.

ಮೊದಲು ಗರಿಯನ್ನೆಲ್ಲ 15-20 ಸೆಂ.ಮೀ. ಎತ್ತರಕ್ಕೆ ಸವರಿ. ತುಂಬು ತೋಳಿನ ಅಂಗಿ, ಕೈಗವಸು ಇರಲಿ. ಗರಿಯ ಅಂಚು ಕೂರಲಗಿನಂತಿದ್ದು ಕೊಯ್ದದ್ದು ಗೊತ್ತಾಗುವುದು ಬೆವರು ತಾಗಿ ಉರಿ ಎದ್ದ ಮೇಲೆ. ಬುಡದಿಂದ ಒಂದು ಗೇಣು ದೂರ ಸುತ್ತಲೂ ಹಾರೆಯಿಂದ ಮೀಟಿ ಇಡೀ ಗಡ್ಡೆಯನ್ನು ಎತ್ತಿ. ಹಳೆಯ ಗಡ್ಡೆ ಕೈಯಲ್ಲಿ ಬಿಡಿಸಿಕೊಳ್ಳುವುದಿಲ್ಲ. ಗುದ್ದಲಿಯಿಂದ ನಾಲ್ಕು ಹೋಳು ಮಾಡಿ, ಆಮೇಲೆ ಪ್ರತಿ ಹೋಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ತೆಂಡೆಗಳು ಟಕ್ಕೆಂದು ಬಿಡಿಯಾಗುತ್ತವೆ. ನಡುವಿನ ಬೂದುಬಣ್ಣದ ಸತ್ತ ಭಾಗವನ್ನು ಗೊಬ್ಬರದ ಗುಂಡಿಗೆ ಹಾಕಿ, ಅದರ ಮೇಲೆ ಮಮತೆ ಬೇಡ. ಹೊರಸುತ್ತಿನ ಬೆರಳು ದಪ್ಪದ, ಬುಡ ಬಿಳಿಯಾಗಿ ಗಟ್ಟಿಯಾಗಿರುವ ತೆಂಡೆಗಳನ್ನಷ್ಟೇ ಇಟ್ಟುಕೊಳ್ಳಿ. ಬೇರನ್ನು 2-3 ಸೆಂ.ಮೀ. ಬಿಟ್ಟು ಕತ್ತರಿಸಿ, ಉದ್ದನೆಯ ಹಳೆ ಬೇರು ಗುಣಿಯಲ್ಲಿ ಮಡಚಿಕೊಂಡು ಕೊಳೆಯುತ್ತದೆ. ಒಣ ಸಿಪ್ಪೆ ಸುಲಿಯಿರಿ, ಅದರ ಸಂದಿಯಲ್ಲೇ ಗೆದ್ದಲು ಮತ್ತು ಹುಳುವಿನ ಮೊಟ್ಟೆ ಇರುವುದು.

ಒಂದು ಗುಣಿಗೆ ಎರಡು ತೆಂಡೆ, 5ರಿಂದ 8 ಸೆಂ.ಮೀ. ಆಳ, ಗುಣಿಯಿಂದ ಗುಣಿಗೆ 60 ಸೆಂ.ಮೀ. ಸುತ್ತ ಮಣ್ಣನ್ನು ಕಾಲಿನಿಂದ ಒತ್ತಿ. ಎಳೆದರೆ ಕಿತ್ತು ಬರಬಾರದು. ಹತ್ತು ದಿನ ಗರಿ ಒಣಗಿ ಸತ್ತ ಹಾಗೆ ಕಾಣುತ್ತದೆ. ಗಾಬರಿಯಾಗಿ ದಿನಾ ನೀರು ಸುರಿಯುವವರೇ ಅದನ್ನು ಕೊಲ್ಲುವುದು. ಎರಡು ವಾರದಲ್ಲಿ ನಡುವಿನಿಂದ ಸೂಜಿಯಂತೆ ಹಸಿರು ಸುಳಿ ಏಳುತ್ತದೆ. ಹಳೆಯ ಒಂದು ಬುಡದಿಂದ ನಿಮಗೆ ನಲವತ್ತು ಐವತ್ತು ತೆಂಡೆ ಸಿಕ್ಕರೆ ಆಶ್ಚರ್ಯವಿಲ್ಲ, ಬೀದಿಯವರಿಗೆಲ್ಲ ಹಂಚಬಹುದು.

ಪ್ರಶ್ನೆ: ಕೊಯ್ದರೆ ಗಿಡ ಸೊರಗುತ್ತದೆಂದು ಬೇಕಾದಾಗ ಒಂದೊಂದೇ ಗರಿ ಕೀಳುತ್ತೇವೆ. ಗಿಡ ಆಳೆತ್ತರ ಬೆಳೆದು ಬಾಗಿ ಮಲಗಿದೆ. – ಓದುಗರು, ದಾವಣಗೆರೆ

ಉತ್ತರ: ಅದು ಕೊಯ್ಲಿಗೆ ಕಾದು ಮಲಗಿದೆ. ನೆಟ್ಟ 3-4 ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ನೀರಿದ್ದಲ್ಲಿ 60-75 ದಿನಕ್ಕೊಂದು. ನೆಲದಿಂದ 10-15 ಸೆಂ.ಮೀ. ಬಿಟ್ಟು ಕುಡುಗೋಲಿನಿಂದ ಒಂದೇ ಮಟ್ಟಕ್ಕೆ ಕೊಯ್ಯಿರಿ. ಅದಕ್ಕಿಂತ ಕೆಳಗೆ ಹೋದರೆ ಒಳಗಿನ ಸುಳಿ ತುಂಡಾಗಿ ಮರುಚಿಗುರು ತಡವಾಗುತ್ತದೆ. ತೀರ ಮೇಲೆ ಕೊಯ್ದರೆ ಒಣಕೂಳೆ ಉಳಿದು ಹುಳಕ್ಕೆ ಮನೆಯಾಗುತ್ತದೆ. ಕೊಯ್ದ ಮೇಲೆ ಬುಡಕ್ಕೆ ಎರಡು ಹಿಡಿ ಎರೆಗೊಬ್ಬರ, ಒಂದು ಸಲ ನೀರು. ಅಷ್ಟೆ. ಅಡುಗೆಗೆಂದು ನಡುನಡುವೆ ಬೇಕಾದರೆ ಹೊರಗರಿ ಕೀಳಿ, ನಡುವಿನ ಸುಳಿಗೆ ಕೈ ಹಾಕಬೇಡಿ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಬುಡ ಕೊಳೆತಿರುತ್ತದೆ. ಉಳಿದದ್ದಕ್ಕೂ ಪರಿಮಳವಿಲ್ಲ. – ಓದುಗರು, ತೀರ್ಥಹಳ್ಳಿ

ಉತ್ತರ: ಮಲೆನಾಡಿನಲ್ಲಿ ಇದನ್ನು ಪಾತಿ ಮಾಡಿ ನೆಡಲೇಬಾರದು. ಪಾತಿ ಎಂದರೆ ನೀರು ನಿಲ್ಲಿಸುವ ಏರ್ಪಾಡು. ನಿಮಗೆ ಬೇಕಾದದ್ದು ನೀರು ಓಡಿಸುವ ಏರ್ಪಾಡು. ಒಂದಡಿ ಎತ್ತರದ ಏರಿ ಮಾಡಿ ಅದರ ಮೇಲೆ ನೆಡಿ, ಅಥವಾ ಧರೆಯ (ಮಣ್ಣಿನ ದಿಬ್ಬದ) ಅಂಚಿಗೆ ಸಾಲಾಗಿ ಕೂರಿಸಿ. ಇಳಿಜಾರಿಗೆ ಅಡ್ಡಲಾಗಿ ನೆಟ್ಟ ಸಾಲು ಮಣ್ಣು ಕೊಚ್ಚಿಹೋಗುವುದನ್ನೂ ತಡೆಯುತ್ತದೆ. ಮೇ ಕೊನೆಗೆ ಒಂದು ಕೊಯ್ಲು ಮಾಡಿ ಬುಡದ ಒಣಗರಿಯನ್ನೆಲ್ಲ ಕೆದಕಿ ತೆಗೆದುಬಿಡಿ. ಆ ಒದ್ದೆ ಹೊದಿಕೆಯಲ್ಲೇ ಕೊಳೆ ಶುರುವಾಗುವುದು. ಅಡಿಕೆಮರದ ನೆರಳಿನಲ್ಲಿ ನೆಟ್ಟಿದ್ದರೆ ಜಾಗ ಬದಲಿಸಿ. ಅಲ್ಲಿ ಗರಿ ಉದ್ದ ಬರುತ್ತದೆ, ಎಣ್ಣೆ ಬರುವುದಿಲ್ಲ.

ಪರಿಮಳದ ಮಾತು: ಮಳೆಗಾಲದ ಗರಿಯಲ್ಲಿ ನೀರು ಹೆಚ್ಚು, ಎಣ್ಣೆ ಕಡಿಮೆ. ಇದು ಎಲ್ಲ ಕಡೆಯೂ ಇದ್ದದ್ದೇ. ನವೆಂಬರಿನಲ್ಲಿ ಬಿಸಿಲು ಹತ್ತಿದ ಮೇಲೆ ಬಂದ ಗರಿಯನ್ನು ಹಿಸುಕಿ ನೋಡಿ, ಆಗ ಹೇಳಿ.

ಪ್ರಶ್ನೆ: ಎರೆಭೂಮಿಯಲ್ಲಿ ನೆಟ್ಟಿದ್ದೇವೆ. ಗರಿ ಹಳದಿಯಾಗುತ್ತಿದೆ. ಯೂರಿಯಾ ಹಾಕಿದರೂ ಹಸಿರಾಗಲಿಲ್ಲ. – ಓದುಗರು, ವಿಜಯಪುರ

ಉತ್ತರ: ಹಳದಿ ಎಲ್ಲಿಂದ ಶುರುವಾಗಿದೆ ಎಂಬುದು ಮುಖ್ಯ. ಕೆಳಗಿನ ಹಳೆಯ ಗರಿಯಿಂದ ಶುರುವಾಗಿ ಮೇಲೇರಿದ್ದರೆ ಸಾರಜನಕದ ಕೊರತೆ. ಬುಡವೇ ಮೆತ್ತಗಾಗಿ ಎಳೆದರೆ ಕೈಗೆ ಬಂದರೆ ನೀರು ಹೆಚ್ಚಾದ ಕೊಳೆ. ಹೊಸ ಸುಳಿಯೇ ಹಳದಿಯಾಗಿ, ಬೆಳಕಿಗೆ ಹಿಡಿದಾಗ ನರ ಮಾತ್ರ ಹಸಿರುಗೆರೆಯಾಗಿ ಕಂಡರೆ ಕಬ್ಬಿಣದ ಕೊರತೆ. ನಿಮ್ಮದು ಈ ಮೂರನೆಯದೇ ಇರಬೇಕು, ಯಾಕೆಂದರೆ ಯೂರಿಯಾ ಕೆಲಸ ಮಾಡಿಲ್ಲ. ಸುಣ್ಣದಂಶ ಹೆಚ್ಚಿರುವ ಕಪ್ಪುಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಹಾಗಾಗಿ ಮಣ್ಣಿಗೆ ಹಾಕುವುದಕ್ಕಿಂತ ಗರಿಗೆ ಸಿಂಪಡಿಸುವುದು ಲೇಸು: ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ. ಸಂಜೆ ಸಿಂಪಡಿಸಿ, 10 ದಿನದ ಅಂತರದಲ್ಲಿ ಮೂರು ಸಲ. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಹಳಸಿತೆಂದು ಲೆಕ್ಕ, ಆಗಲೇ ಕಲಸಿ ಆಗಲೇ ಬಳಸಿ. ಅಡುಗೆಗೆ ಬಳಸುವ ಗಿಡವಾದರೆ ಮುಂದಿನ ಕೊಯ್ಲಿನವರೆಗೆ ಕಾಯಿರಿ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಕೊಟ್ಟರೆ ಮುಂದಿನ ವರ್ಷಗಳಲ್ಲಿ ತೊಂದರೆ ತಗ್ಗುತ್ತದೆ.

ಪ್ರಶ್ನೆ: ಗರಿಯ ಅಡಿಯಲ್ಲಿ ಕಂದುಗೆರೆ ಇದೆ. ಮುಟ್ಟಿದರೆ ಬೆರಳಿಗೆ ಅರಿಶಿನ-ಕಂದು ಪುಡಿ ಹತ್ತುತ್ತದೆ. – ಓದುಗರು, ಮೈಸೂರು

ಉತ್ತರ: ತುಕ್ಕು ರೋಗ, ಶಿಲೀಂಧ್ರದ್ದು. ಬೆರಳಿಗೆ ಹತ್ತಿದ್ದೇ ಅದರ ಬೀಜಕಣ. ಆ ಕೈಯಲ್ಲಿ ಪಕ್ಕದ ಗಿಡ ಮುಟ್ಟಬೇಡಿ. ಇಡೀ ಗಿಡವನ್ನು 10 ಸೆಂ.ಮೀ.ಗೆ ಕೊಯ್ದು, ಕೊಯ್ದದ್ದನ್ನು ಆಳವಾಗಿ ಹೂತುಬಿಡಿ. ಸಂಜೆ ಹೊತ್ತು ಗರಿಯ ಮೇಲೆ ನೀರು ಚಿಮುಕಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ, ರಾತ್ರಿಯಿಡೀ ಒದ್ದೆ ಇರುವ ಗರಿಯಲ್ಲೇ ಅದು ಮೊಳೆಯುವುದು. ಕುಂಡಗಳನ್ನು ಗಾಳಿಯಾಡುವಷ್ಟು ದೂರ ಇಡಿ. ಚಹಾಕ್ಕೆ ಹಾಕುವ ಸೊಪ್ಪಿಗೆ ಶಿಲೀಂಧ್ರನಾಶಕ ಹೊಡೆಯಿರಿ ಎಂದು ನಾವು ಹೇಳುವುದಿಲ್ಲ. ಹೊಸ ಚಿಗುರು ಶುದ್ಧವಾಗಿ ಬರುತ್ತದೆ.

ಪ್ರಶ್ನೆ: ನರ್ಸರಿಯಲ್ಲಿ ಲೆಮನ್ ಗ್ರಾಸ್ ಎಂದು ಕೊಟ್ಟರು. ಚಹಾಕ್ಕೆ ಹಾಕಿದರೆ ಸಾಬೂನು ಕುಡಿದ ಹಾಗಾಯಿತು. – ಓದುಗರು, ಚಿಕ್ಕಮಗಳೂರು

ಉತ್ತರ: ನಿಮಗೆ ಸಿಕ್ಕಿರುವುದು ಸಿಟ್ರೊನೆಲ್ಲಾ ಇರಬೇಕು, ಇದರದೇ ದಾಯಾದಿ. ಎರಡೂ ಸಿಂಬೊಪೋಗಾನ್ ಕುಲದವು. ಮಜ್ಜಿಗೆ ಹುಲ್ಲಿಗೆ ನಿಂಬೆಯ ವಾಸನೆ ಕೊಡುವುದು ಸಿಟ್ರಾಲ್. ಒಳ್ಳೆಯ ಎಣ್ಣೆಯಲ್ಲಿ ಅದೇ 75-85 ಶೇಕಡಾ ಇರುತ್ತದೆ. ಸಿಟ್ರೊನೆಲ್ಲಾದಲ್ಲಿರುವುದು ಮುಖ್ಯವಾಗಿ ಸಿಟ್ರೊನೆಲ್ಲಾಲ್ ಮತ್ತು ಜೆರಾನಿಯಾಲ್, ಅವು ಸಾಬೂನು, ಸೊಳ್ಳೆಬತ್ತಿಗೆ ಹೋಗುವ ಸರಕು. ಬುಡ ನೋಡಿದರೆ ಸಿಟ್ರೊನೆಲ್ಲಾ ಕೆಂಪು ಛಾಯೆಯದು, ಅಡುಗೆಯ ಹುಲ್ಲು ತಿಳಿಹಸಿರು-ಬಿಳಿ. ಆದರೆ ಎಣ್ಣೆಗೆಂದು ಬೆಳೆಸುವ ಕೆಲವು ನಿಂಬೆ ಹುಲ್ಲಿನ ತಳಿಗಳಿಗೂ ಕೆಂಪು ದಂಟು ಇರುವುದರಿಂದ ಕಣ್ಣನ್ನು ನೆಚ್ಚಬೇಡಿ, ಮೂಗನ್ನು ನೆಚ್ಚಿ. ಗರಿ ಹಿಸುಕಿ ಮೂಸಿ: ನಿಂಬೆಸಿಪ್ಪೆ ನೆನಪಾದರೆ ತೆಗೆದುಕೊಳ್ಳಿ, ನೆಲ ಒರೆಸುವ ದ್ರಾವಣ ನೆನಪಾದರೆ ಬಿಡಿ.

ಪ್ರಶ್ನೆ: ಈ ಹುಲ್ಲಿದ್ದರೆ ಸೊಳ್ಳೆ, ಹಾವು ಬರುವುದಿಲ್ಲವೇ? – ಓದುಗರು, ಮಂಡ್ಯ. ಈ ಹುಲ್ಲಿದ್ದರೆ ಹಾವು ಬರುತ್ತದಂತೆ, ನಿಜವೇ? – ಓದುಗರು, ಪುತ್ತೂರು

ಉತ್ತರ: ಎಣ್ಣೆ ಗರಿಯ ಒಳಗಿನ ಕೋಶಗಳಲ್ಲಿರುತ್ತದೆ, ಹಿಸುಕದೆ ಹೊರಗೆ ಬರುವುದಿಲ್ಲ. ಸುಮ್ಮನೆ ನಿಂತ ಗಿಡ ಸೊಳ್ಳೆಯನ್ನು ಓಡಿಸದು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರಂತೂ ಸೊಳ್ಳೆಯನ್ನು ನೀವೇ ಸಾಕಿದಂತಾಯಿತು. ಹಾವಿಗೆ ಇದರ ವಾಸನೆ ಇಷ್ಟವೂ ಅಲ್ಲ, ಕಷ್ಟವೂ ಅಲ್ಲ. ಕೊಯ್ಯದೆ ಬಿಟ್ಟ ದಟ್ಟ ಬುಡದಲ್ಲಿ ಇಲಿ, ಕಪ್ಪೆ ಸೇರುತ್ತವೆ, ಅವುಗಳ ಹಿಂದೆ ಹಾವು ಬರುತ್ತದೆ. ಬಾಗಿಲಿನಿಂದ ಹತ್ತಡಿ ದೂರ ನೆಡಿ, ಒಣಗರಿ ತೆಗೆಯುತ್ತಿರಿ, ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ.

ಪ್ರಶ್ನೆ: ಒಣಗಿಸಿಟ್ಟ ಹುಲ್ಲು ಕಂದಾಗಿ ಬರೀ ಒಣಹುಲ್ಲಿನ ವಾಸನೆ ಬರುತ್ತದೆ. ಹಾಲಿಗೆ ಹಾಕಿದರೆ ಒಡೆಯುವುದೇ? – ಓದುಗರು, ಕುಂದಾಪುರ

ಉತ್ತರ: ಬಿಸಿಲಿಗೆ ಹರಡಿದ್ದೀರಿ. ಬಿಸಿಲಿಗೆ ಬಣ್ಣವೂ ಹೋಗುತ್ತದೆ, ಎಣ್ಣೆಯೂ ಹಾರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದು, ತೊಳೆದು, ನೀರು ಕೊಡವಿ, 2-3 ಸೆಂ.ಮೀ. ತುಂಡು ಮಾಡಿ, ಗಾಳಿಯಾಡುವ ನೆರಳಿನಲ್ಲಿ ಒಂದೇ ಪದರವಾಗಿ ಹರಡಿ. 3-5 ದಿನಕ್ಕೆ ಮಡಚಿದರೆ ಪಟ್ಟೆಂದು ಮುರಿಯುತ್ತದೆ. ಬಾಗಿದರೆ ಇನ್ನೂ ಹಸಿ, ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ. ಗಾಜಿನ ಬಾಟಲಿಗೆ ತುಂಬಿ ಕತ್ತಲಲ್ಲಿಟ್ಟರೆ ಆರು ತಿಂಗಳು ಪರಿಮಳ ಉಳಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಒಣಗಿಸುವ ಸಾಹಸ ಬೇಡ, ತುಂಡು ಮಾಡಿ ಫ್ರೀಜರ್‌ನಲ್ಲಿಡಿ.

ಹಾಲು ಒಡೆಯುವುದಿಲ್ಲ. ನಿಂಬೆಯ ವಾಸನೆ ಇದೆಯೇ ಹೊರತು ಹುಳಿ ಇಲ್ಲ. ಎರಡು ಲೋಟಕ್ಕೆ ಎರಡು ಮೂರು ಗರಿಯನ್ನು ಗಂಟು ಹಾಕಿ ಬಿಸಿನೀರಿಗೆ ಬಿಟ್ಟು, ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಅಡುಗೆಮನೆಯೆಲ್ಲ ಘಮಘಮ ಎಂದರೆ ಲೋಟಕ್ಕೆ ಬರಬೇಕಾದದ್ದು ಗಾಳಿಗೆ ಹೋಯಿತೆಂದು ಅರ್ಥ. ಮಜ್ಜಿಗೆಗಾದರೆ ಒಂದು ಗರಿಯನ್ನು ಜಜ್ಜಿ ಗಂಟು ಹಾಕಿ ಅರ್ಧ ಗಂಟೆ ನೆನೆಸಿ ತೆಗೆಯಿರಿ. ಸಣ್ಣಗೆ ಹೆಚ್ಚಿ ಹಾಕಬೇಡಿ, ನಾರು ಗಂಟಲಿಗೆ ಚುಚ್ಚುತ್ತದೆ. ಗರ್ಭಿಣಿಯರು ದಿನವೂ ಗಟ್ಟಿ ಕಷಾಯ ಕುಡಿಯುವ ಮುಂಚೆ ವೈದ್ಯರನ್ನು ಕೇಳಲಿ. ಅಂಗಡಿಯ ಎಣ್ಣೆಯನ್ನು ಯಾರೂ ಬಾಯಿಗೆ ಹಾಕಬಾರದು.

ಪ್ರಶ್ನೆ: ಕಾಡುಹಂದಿ ಕಾಟಕ್ಕೆ ಜೋಳ ಬಿಟ್ಟಿದ್ದೇವೆ. ಒಂದು ಎಕರೆಗೆ ಈ ಹುಲ್ಲು ಹಾಕಿ ಎಣ್ಣೆ ತೆಗೆದರೆ ಗಿಟ್ಟುತ್ತದೆಯೇ? – ಓದುಗರು, ಚಾಮರಾಜನಗರ

ಉತ್ತರ: ಹಂದಿ, ಮಂಗ ಇದರ ಗರಿ ತಿನ್ನುವುದಿಲ್ಲ ಎಂಬುದು ನಿಜ. ಹಣದ ಲೆಕ್ಕ ಮಾತ್ರ ನೆಡುವ ಮೊದಲೇ ಆಗಬೇಕು. 60×45 ಸೆಂ.ಮೀ. ಅಂತರಕ್ಕೆ ಎಕರೆಗೆ ಸುಮಾರು 15,000 ತೆಂಡೆ ಬೇಕು. ನೀರಾವರಿ ಇದ್ದರೆ ವರ್ಷಕ್ಕೆ ಮೂರು ನಾಲ್ಕು ಕೊಯ್ಲು ಸೇರಿ ಎಕರೆಗೆ 10 ಟನ್ ಹಸಿಹುಲ್ಲು ಎಂದುಕೊಳ್ಳಿ. 100 ಕೆ.ಜಿ. ಹುಲ್ಲಿಗೆ 300ರಿಂದ 500 ಗ್ರಾಂ ಎಣ್ಣೆ, ಅಂದರೆ ವರ್ಷಕ್ಕೆ 30-50 ಕೆ.ಜಿ. ಈ ಅಂಕಿಯನ್ನು ಇವತ್ತಿನ ಖರೀದಿದಾರರು ಬಾಯಲ್ಲಿ ಹೇಳುವ ದರಕ್ಕಲ್ಲ, ಅದರ ಅರ್ಧಕ್ಕೆ ಗುಣಿಸಿ ನೋಡಿ. ಎಣ್ಣೆಯ ಬೆಲೆ ಏರಿಳಿಯುವ ಪರಿ ಹಾಗಿದೆ. ಒಂದು ಎಕರೆಗೆ ಸ್ವಂತ ಭಟ್ಟಿ ಹಾಕುವುದು ದಂಡ. ಹುಲ್ಲು ಕೊಯ್ದ ಒಂದು ದಿನದೊಳಗೆ ತಲುಪುವಷ್ಟು ಹತ್ತಿರ ಭಟ್ಟಿ ಇದ್ದರೆ, ಅಥವಾ ಅಕ್ಕಪಕ್ಕದ ಹತ್ತು ಜನ ಕೂಡಿ ಹಾಕಿದರೆ ಮಾತ್ರ ಮುಂದುವರಿಯಿರಿ.

ಕೊಯ್ದ ಹುಲ್ಲನ್ನು ನೆರಳಿನಲ್ಲಿ ಒಂದು ದಿನ ಬಾಡಿಸಿದರೆ ಒಂದು ಭಟ್ಟಿಗೆ ಹೆಚ್ಚು ಹುಲ್ಲು ಹಿಡಿಯುತ್ತದೆ, ಸೌದೆ ಉಳಿಯುತ್ತದೆ. ರಾಶಿ ಹಾಕಿ ಬಿಟ್ಟರೆ ಒಳಗೆ ಕಾವು ಏರಿ ಎಣ್ಣೆ ಕೆಡುತ್ತದೆ. ಆವಿ ಹಾಯಿಸಲು ಎರಡು ಮೂರು ಗಂಟೆ. ಹುಲ್ಲನ್ನು ಸಡಿಲವಾಗಿ ತುಂಬಿದರೆ ಆವಿ ಒಂದೇ ದಾರಿ ಹಿಡಿದು ಹೋಗುತ್ತದೆ, ಅರ್ಧ ಎಣ್ಣೆ ಹುಲ್ಲಿನಲ್ಲೇ ಉಳಿಯುತ್ತದೆ. ಹಾಗಾಗಿ ತುಳಿದು ಸಮವಾಗಿ ತುಂಬಿ. ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ, ತುಕ್ಕು ಹಿಡಿದ ಕಬ್ಬಿಣದಲ್ಲಿ ಎಣ್ಣೆ ಕಪ್ಪಾಗಿ ದರ ಬೀಳುತ್ತದೆ. ಎಣ್ಣೆಯಲ್ಲಿ ನೀರಿನ ಹನಿ ಉಳಿಯಬಾರದು. ಕಂಠದವರೆಗೆ ತುಂಬಿ, ಬೆಳಕು ಬೀಳದ ಕಡೆ ಇಡಿ. ಗಾಳಿ ಬೆಳಕು ತಾಗಿದರೆ ಸಿಟ್ರಾಲ್ ಇಳಿಯುತ್ತದೆ, ಖರೀದಿದಾರರು ಅಳೆಯುವುದೇ ಅದನ್ನು. ಬೇಯಿಸಿ ಉಳಿದ ಹುಲ್ಲು ಒಣಗಿದರೆ ಮುಂದಿನ ಭಟ್ಟಿಗೆ ಉರುವಲು.

ತಳಿಯ ವಿಷಯ: ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದ ‘ಸುಗಂಧಿ’, ಲಖನೌದ ಸೀಮ್ಯಾಪ್ (ಔಷಧೀಯ ಮತ್ತು ಸುಗಂಧ ಸಸ್ಯಗಳ ಕೇಂದ್ರೀಯ ಸಂಸ್ಥೆ) ಬಿಡುಗಡೆ ಮಾಡಿದ ‘ಕೃಷ್ಣಾ’ ಹೆಸರಾದವು. ಸೀಮ್ಯಾಪ್‌ನ ಕೇಂದ್ರ ಬೆಂಗಳೂರಿನ ಅಲ್ಲಾಳಸಂದ್ರದಲ್ಲೂ ಇದೆ. ತೆಂಡೆ ಕೊಳ್ಳುವ ಮೊದಲು ಅಲ್ಲಿ ವಿಚಾರಿಸಿ. ‘ಎಲ್ಲ ಎಣ್ಣೆ ನಾವೇ ಕೊಳ್ಳುತ್ತೇವೆ’ ಎಂದು ತೆಂಡೆಯ ಜೊತೆ ಮಾತನ್ನೂ ಮಾರುವವರಿಂದ ಬರಹದಲ್ಲಿ ಒಪ್ಪಂದ ಕೇಳಿ.

ಪ್ರಶ್ನೆ: ಇಲ್ಲಿ ಡಿಸೆಂಬರಿಗೆ ಹಿಮ. ಊರಿನಲ್ಲಿ ಯಾವುದಕ್ಕೂ ಸಾಯದ ಗಿಡ ಇಲ್ಲಿ ಎರಡು ಸಲ ಸತ್ತಿತು. – ಓದುಗರು, ನ್ಯೂಜೆರ್ಸಿ

ಉತ್ತರ: ಬಿಸಿಲಿಗೆ ಗಟ್ಟಿ, ಹಿಮಕ್ಕೆ ಅಲ್ಲ. ನೆಲದಲ್ಲಿ ಬಿಟ್ಟರೆ ನಿಮ್ಮಲ್ಲಿ ಚಳಿಗಾಲ ದಾಟುವುದಿಲ್ಲ. ರಾತ್ರಿಯ ಉಷ್ಣತೆ 8-10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುಂಚೆ ಗರಿಯನ್ನು 15 ಸೆಂ.ಮೀ.ಗೆ ಸವರಿ ಕುಂಡವನ್ನು ಒಳಗೆ ತನ್ನಿ. ದೊಡ್ಡದಾದರೆ ಒಂದು ಹೋಳು ಬೇರ್ಪಡಿಸಿ 8 ಅಂಗುಲದ ಕುಂಡಕ್ಕೆ ಹಾಕಿ ತಂದರೂ ಸಾಕು. ದಕ್ಷಿಣದ ಕಿಟಕಿಯ ಬಳಿ ಇಡಿ. ಒಳಗೆ ಬಂದ ಗಿಡ ಬೆಳೆಯುವುದಿಲ್ಲ, ಜೀವ ಹಿಡಿದುಕೊಂಡಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ನೀರು ಸಾಕು, ಗೊಬ್ಬರ ಬೇಡ. ಎರಡನೇ ಸಲ ಸತ್ತದ್ದು ಒಳಗೇ ಆದರೆ ಹಿಮ ಕಾರಣವಲ್ಲ, ನಿಮ್ಮ ಚೊಂಬು ಕಾರಣ. ಮೇ ಮಧ್ಯದ ಮೇಲೆ ಹೊರಗಿಡಿ, ಮೊದಲ ವಾರ ಅರೆನೆರಳಿನಲ್ಲಿ.

ಪ್ರಶ್ನೆ: ಆರು ವರ್ಷವಾದರೂ ಹೂ ಬಿಟ್ಟಿಲ್ಲ. ಬೀಜ ಎಲ್ಲಿ ಸಿಗುತ್ತದೆ? – ಓದುಗರು, ಗದಗ

ಉತ್ತರ: ಅಡುಗೆಯ ಜಾತಿ, ಸಿಂಬೊಪೋಗಾನ್ ಸಿಟ್ರಾಟಸ್, ಹೂ ಬಿಡುವುದೇ ಅಪರೂಪ. ಪೊಟ್ಟಣದಲ್ಲಿ ಬೀಜವೆಂದು ಬರುವುದು ಸಾಮಾನ್ಯವಾಗಿ ಎಣ್ಣೆಗೆ ಬೆಳೆಸುವ ಫ್ಲೆಕ್ಸುಯೋಸಸ್ ಜಾತಿಯದು. ದುಡ್ಡು ಕೊಡಬೇಡಿ. ಆರು ವರ್ಷದ ಬುಡವೇ ನಿಮ್ಮ ಹತ್ತಿರ ಇದೆಯಲ್ಲ, ಹುಬ್ಬಳ್ಳಿಯವರಿಗೆ ಮೇಲೆ ಹೇಳಿದ್ದನ್ನು ಓದಿ ಹಾರೆ ತೆಗೆದುಕೊಳ್ಳಿ.